ಊಳಿಡುವ ಚಾಪೆ

ಎರಡು ಸಾವಿರದ ಏಳನೆಯ ಇಸವಿ, ದೀಪಾವಳಿ ಕಳೆದ ಮೊದಲ ಭಾನುವಾರ, ಬೆಳಗಿನ ಹತ್ತು ಗಂಟೆ. ಸ್ಥಳ: ವಾಡಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನಮ್ಮ ಯಜಮಾನರು, ಮಗ ಗುರುಲಿಂಗ, ಚಿಮ್ಮನಚೋಡದಿಂದ ಮನೆ ನೋಡಲು ಬಂದ ಇಬ್ಬರು ಹಿರಿಯರು. ಹೀಗೆ ಶುರು ಮಾಡಿದ್ದಕ್ಕೆ ಓದುಗರು ಮನ್ನಿಸಬೇಕು. ನಾನು ದವಾಖಾನೆಯಲ್ಲಿ ವಾರ್ಡ್ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು. ತಾರೀಖು, ವೇಳೆ, ಹಾಜರಿ ಬರೆಯದೆ ನನ್ನ ಕೈ ಮುಂದಕ್ಕೆ ಓಡುವುದಿಲ್ಲ. ಯಾರದೇ ಮದುವೆಯ ಪತ್ರಿಕೆ ಬಂದರೂ ಮೊದಲು ಮುಹೂರ್ತದ ವೇಳೆ ನೋಡಿ, ಆಮೇಲೆ ಮದುವೆ ಯಾರದೆಂದು ನೋಡುತ್ತೇನೆ. ಶಿಸ್ತು ಒಂದು ವಿಚಿತ್ರ ರೋಗ. ಹಿಡಿದವರಿಗೆ ನೋವೇ ಇಲ್ಲ, ಸುತ್ತಲಿನವರು ನರಳುತ್ತಾರೆ.

ನಮ್ಮ ಮನೆಯಲ್ಲಿ ನರಳಲು ಇದ್ದವರು ಇಬ್ಬರೇ. ಯಜಮಾನರು ಅಂಚೆ ಕಚೇರಿಯಲ್ಲಿದ್ದವರು, ಸ್ವಭಾವತಃ ಸಾವಧಾನಿಗಳು. ಎಂದಾದರೂ ಬೇಗ ಎಚ್ಚರವಾದರೆ, ಏಳುವ ವೇಳೆ ಆಗುವ ತನಕ ಕಣ್ಣು ಮುಚ್ಚಿಕೊಂಡೇ ಮಲಗಿರುತ್ತಾರೆ. ಮುಂಚೆ ಎದ್ದರೆ ನಾನು ಚಹಾ ಕೊಡುವುದಿಲ್ಲವೆಂದು ಅವರಿಗೆ ಗೊತ್ತು. ಗುರು ಸೇಡಂ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಅಲ್ಲಿ ಹುಡುಗರನ್ನು ಗದರುತ್ತಾನಂತೆ, ನಾನು ನಂಬುವುದಿಲ್ಲ. ಇಷ್ಟು ಓದಿದ, ಇಷ್ಟು ಮೆತ್ತನೆಯ ಹುಡುಗನಿಗೆ ಹೆಣ್ಣು ಸಿಗಲಿಲ್ಲ ಎಂದರೆ ತಪ್ಪು ಯಾರದು? ಶಹಾಬಾದದ ಬೀಗರಾಗಬೇಕಿದ್ದವರು ಹಿಂದೆ ಸರಿದರು, ಕಾಳಗಿಯವರು ಹಿಂದೆ ಸರಿದರು. ಚಿತ್ತಾಪುರದವರಂತೂ ಮನೆಗೆ ಬಂದು, ಹಗ್ಗದ ಮೇಲೆ ಅಂಚಿಗೆ ಅಂಚು ಕೂಡಿಸಿ ಒಣಹಾಕಿದ ಟವೆಲುಗಳನ್ನು ನೋಡಿ, ಚಹಾ ಕುಡಿಯದೆ ಎದ್ದರು. ಆಮೇಲೆ ಕಿವಿಗೆ ಬಿದ್ದ ಮಾತು: "ಹುಡುಗ ಬಂಗಾರ ಇದ್ದಾನ್ರಿ. ಆದರ ಸಿಸ್ಟರ್ ಮನಿಗೆ ಹೆಣ್ಣು ಕೊಡೋದಂದ್ರ ದವಾಖಾನಿಗೆ ಭರ್ತಿ ಮಾಡಿದಂಗ." ಆ ಹುಡುಗಿಯ ತಾಯಿ ಯಾವಾಗಲೋ ನನ್ನ ವಾರ್ಡಿನಲ್ಲಿದ್ದವಳು, ಭೇಟಿಯ ವೇಳೆ ಮುಗಿದ ಮೇಲೂ ಕುಳಿತಿದ್ದ ಅವಳ ಗಂಡನನ್ನು ನಾನು ಹೊರಗೆ ಹಾಕಿದ್ದೆನಂತೆ. ಇದ್ದರೂ ಇರಬಹುದು. ಗಂಡಂದಿರನ್ನು ಹೊರಗೆ ಹಾಕುವುದು ನನ್ನ ದಿನನಿತ್ಯದ ಕೆಲಸವಾಗಿತ್ತು.

ಹೀಗಾಗಿ ಚಿಮ್ಮನಚೋಡದ ಈ ಸಂಬಂಧ ತಪ್ಪಿದರೆ ಮಗನ ಮದುವೆಯ ಮಾತನ್ನೇ ಮರೆಯಬೇಕು ಎಂಬ ಹಂತಕ್ಕೆ ಬಂದಿದ್ದೆವು. ಹುಡುಗಿ ನಮಗೆಲ್ಲ ಒಪ್ಪಿಗೆಯಾಗಿದ್ದಳು. ಉಳಿದದ್ದು ಅವರು ಬಂದು ಮನೆ ನೋಡುವುದು, ಅಂದರೆ ನನ್ನನ್ನು ನೋಡುವುದು. ಹಿಂದಿನ ದಿನವೇ ಯಜಮಾನರು ಕೈ ಮುಗಿದು ಹೇಳಿದ್ದರು, "ನಾಳಿ ಒಂದು ದಿನ ಯಾರಿಗೂ ಹುಕುಂ ಮಾಡಬ್ಯಾಡ. ಮೆತ್ತಗ ಮಾತಾಡು. ಆಗಲಿಲ್ಲಂದ್ರ ಮಾತಾಡಲೇಬ್ಯಾಡ." ಟವೆಲುಗಳನ್ನು ನಾನೇ ಸೊಟ್ಟಗೆ ಒಣಹಾಕಿದೆ. ಅದನ್ನು ಮಾಡುವಾಗ ನನಗಾದ ಸಂಕಟ ಶತ್ರುವಿಗೂ ಬೇಡ.

ಈಗ ಚಾಪೆಯ ವಿಷಯಕ್ಕೆ ಬರಬೇಕು. ನಿವೃತ್ತಿಯ ಮೇಲೆ ನನ್ನ ಮೊಣಕಾಲು ಬಿಗಿದುಕೊಂಡವು. ದಿನಾಲು ನಡೆಯಿರಿ ಎಂದರು ಡಾಕ್ಟರು. ನಡೆಯಲು ಹೊರಟರೆ, ಈ ಊರಿನಲ್ಲಿ ನನ್ನ ಕೈಯಿಂದ ಇಂಜೆಕ್ಷನ್ ತೆಗೆದುಕೊಳ್ಳದವರು ಯಾರಿದ್ದಾರೆ? ಸಂತೆಗೆ ಹೊರಟವನು ನನ್ನನ್ನು ತಡೆದು, "ಸಿಸ್ಟರ್, ಇಲ್ಲೊಂದು ಗುಳ್ಳಿ ಆಗ್ಯಾದ ನೋಡ್ರಿ" ಎಂದು ನಡುರಸ್ತೆಯಲ್ಲೇ ಅಂಗಿ ಎತ್ತುತ್ತಾನೆ. ನಾನು ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚಾಯಿತು. ಇದನ್ನು ನೋಡಿ ಗುರು ಹೈದರಾಬಾದಿನಿಂದ ಒಂದು ಆಟದ ಚಾಪೆ ತಂದ. ಪ್ಲಾಸ್ಟಿಕ್ಕಿನದು, ಮೈತುಂಬ ಗುಲಾಬಿ, ಹಸಿರು, ಹಳದಿ ಚೌಕಗಳು, ಚೌಕಗಳಲ್ಲಿ ಬಾಣಗಳು. ಹೊಟ್ಟೆಯಲ್ಲಿ ಸೆಲ್ಲು ಹಾಕಿ, ಬಾಲದಂಥ ವೈರನ್ನು ಟಿವಿಗೆ ಚುಚ್ಚಬೇಕು. ಟಿವಿಯಲ್ಲಿ ಹಾಡು ಶುರುವಾಗಿ ಬಾಣಗಳು ಕೆಳಗಿನಿಂದ ಮೇಲಕ್ಕೆ ಏರುತ್ತ ಬರುತ್ತವೆ. ಯಾವ ಬಾಣ ಗೆರೆ ಮುಟ್ಟಿತೋ ಆ ಚೌಕದ ಮೇಲೆ ಅದೇ ಹೊತ್ತಿಗೆ ಹೆಜ್ಜೆ ಇಡಬೇಕು. ಸರಿಯಾದರೆ ಟಿವಿಯೊಳಗಿನ ಜನ ಚಪ್ಪಾಳೆ ತಟ್ಟಿ ಸೀಟಿ ಹೊಡೆಯುತ್ತಾರೆ. ತಪ್ಪಿದರೆ ಎಲ್ಲರೂ ಕೂಡಿ 'ಹೋ' ಎಂದು ಊಳಿಡುತ್ತಾರೆ.

ಮೊದಲ ದಿನ ಆ ಊಳು ಕೇಳಿ ನನ್ನ ಮೈ ಉರಿದುಹೋಯಿತು. ದೊಡ್ಡ ಡಾಕ್ಟರರೂ ನನ್ನೆದುರು ದನಿ ಏರಿಸಿದವರಲ್ಲ, ಈ ಪ್ಲಾಸ್ಟಿಕ್ ಚಾಪೆಗೆ ಇಷ್ಟು ಸೊಕ್ಕೇ? ಅದರ ಬಾಯಿ ಮುಚ್ಚಿಸಲೇಬೇಕೆಂದು ಹಠಕ್ಕೆ ಬಿದ್ದೆ. ವೇಳೆ ನಿಗದಿ ಮಾಡಿದೆ: ಪೂಜೆಯ ನಂತರ, ಅಡುಗೆಯ ಮುಂಚೆ. ಬಾಗಿಲಿಗೆ ಚಿಲಕ, ಕಿಟಕಿಗೆ ಪರದೆ, ಸೆರಗು ಸೊಂಟಕ್ಕೆ. ಹಾಡು ಚೀನಾದವರದೋ ಜಪಾನಿನವರದೋ, ತಬಲಕ್ಕೆ ಜ್ವರ ಬಂದಂತಿತ್ತು. ಕ್ರಮೇಣ ಕಾಲು ಪಳಗಿದವು. ಒಂದು ದಿನ ಹಾಡು ಮುಗಿಯುವ ತನಕ ಒಂದೂ ಊಳಿಲ್ಲದೆ ಬರೀ ಸೀಟಿಯೇ ಬಿದ್ದಾಗ, ನಿಜ ಹೇಳುತ್ತೇನೆ, ನಾನು ಟಿವಿಗೆ ನಮಸ್ಕಾರ ಮಾಡಿದೆ. ನನ್ನ ಸೇವಾವಧಿಯಲ್ಲಿ ಯಾರೂ ನನಗೆ ಸೀಟಿ ಹೊಡೆದಿರಲಿಲ್ಲ. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವಾಗಲೂ ಕಾಲು ತಾವೇ ಎಡಕ್ಕೆರಡು, ಬಲಕ್ಕೆರಡು ಹಾಕತೊಡಗಿದವು. ಯಜಮಾನರು ನೋಡಿದರು, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಆ ಭಾನುವಾರ ಬೀಗರು ಮಧ್ಯಾಹ್ನಕ್ಕೆ ಬರುವವರಿದ್ದರು. ಮಗನ ಭವಿಷ್ಯದ ದಿನವಾದರೇನು, ನಿಯಮ ನಿಯಮವೇ ಎಂದು ನಾನು ಚಾಪೆ ಹಾಸಿ ಶುರು ಮಾಡಿದೆ. ಅರ್ಧ ಹಾಡಿಗೆ ಕರೆಂಟ್ ಹೋಯಿತು. ಅದು ಬರಲೆಂದು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದೇನೆ, ಅಂಗಳದಲ್ಲಿ ಜೀಪಿನ ಸದ್ದು. ಯಾರದೋ ಜೀಪು ಸಿಕ್ಕಿತೆಂದು ಬೀಗರು ಬೇಗ ಬಂದುಬಿಟ್ಟಿದ್ದರು. ಯಜಮಾನರು ಓಡಿ ಚಿಲಕ ತೆಗೆದರು, ನಾನು ಸೆರಗು ಬಿಚ್ಚಿ ತಲೆಯ ಮೇಲೆ ಹೊದೆಯುವಷ್ಟರಲ್ಲಿ ಹುಡುಗಿಯ ತಂದೆ ಶಿವಶರಣಪ್ಪನವರು, ಅವರ ತಾಯಿ ಚಂದಮ್ಮ ಆಯಿ ಒಳಗೆ ಕಾಲಿಟ್ಟಾಗಿತ್ತು. ಯಜಮಾನರು "ಬರ್ರಿ, ಬರ್ರಿ, ಮ್ಯಾಲ ಕುಂದ್ರಿ" ಎಂದು ಸೋಫಾ ತೋರಿಸಿದರು. ಚಂದಮ್ಮ ಆಯಿ ಅದನ್ನು ಬೆರಳಿಂದ ಒತ್ತಿ ನೋಡಿ, "ನನಗ ಇದು ಒಗ್ಗಂಗಿಲ್ಲಪ್ಪ, ಕುಂತ್ರ ಬಾವ್ಯಾಗ ಬಿದ್ದಂಗ ಆಗ್ತದ" ಎಂದು ಹಿಂತಿರುಗಿದರು. ಪಡಸಾಲೆಯ ನಡುವೆ ಬಣ್ಣಬಣ್ಣದ ಚಾಪೆ ಕಾಣಿಸಿತು. "ನೋಡಿದೇನೋ ಶಿವಶರಣಾ, ನಾ ನೆಲಕ್ಕ ಕುಂದ್ರತೀನಂತ ಗೊತ್ತಾಗಿ ಹೊಸಾ ಚಾಪಿ ಹಾಸ್ಯಾರ. ಭಾಳ ತಿಳದವರು" ಎಂದು ಅದರ ನಟ್ಟನಡುವೆ ಚಕ್ಕಳಮಕ್ಕಳ ಹಾಕಿಕೊಂಡು ಕುಳಿತರು. ಮಾತಿಗೆ ಕುಂತ ಹಿರಿಯರನ್ನು ನಡುವೆ ಎಬ್ಬಿಸಿದರೆ ಮಾತೂ ಎದ್ದುಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಗುರು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಕರೆಂಟ್ ಇಲ್ಲದ ತನಕ ಎಲ್ಲ ಸುಸೂತ್ರ. ತೊಗರಿ ಬೆಳೆಯ ಮಾತು, ಮಳೆಯ ಮಾತು, ಮೊಣಕಾಲಿನ ಮಾತು ಆದವು. ಶಿವಶರಣಪ್ಪ ಗಂಟಲು ಸರಿಮಾಡಿಕೊಂಡು ಅಸಲು ಮಾತಿಗೆ ಬಂದರು, "ಸಿಟ್ಟಾಗಬ್ಯಾಡ್ರಿ ಅಕ್ಕಾರ. ನೀವು ಭಾಳ ಕಡಕ್ ಅಂತ ಮಂದಿ ಹೇಳ್ತಾರ. ನಮ್ಮ ಪೋರಿ ತಡಾ ಏಳ್ತಾಳ." ತಡವಾಗಿ ಏಳುತ್ತಾಳೆ ಎಂಬ ಮಾತು ನನ್ನ ಎದೆಗೆ ಸೂಜಿಯಂತೆ ನಾಟಿತು. ಆದರೂ ನಕ್ಕೆ. ಅದೇ ಹೊತ್ತಿಗೆ ಕರೆಂಟ್ ಬಂತು. ಫ್ಯಾನು ತಿರುಗಿತು, ಟ್ಯೂಬ್‌ಲೈಟ್ ಕಣ್ಣು ಹೊಡೆಯಿತು, ಆರಿಸದೆ ಬಿಟ್ಟಿದ್ದ ಟಿವಿ ತಾನಾಗಿ ಎದ್ದು ಕುಳಿತಿತು. ಚಾಪೆ ಸೆಲ್ಲಿನ ಮೇಲೆ ಬದುಕಿದ್ದದ್ದು. ಚಂದಮ್ಮ ಆಯಿಯ ಭಾರಕ್ಕೆ ಯಾವುದೋ ಹಾಡು ತಾನೇ ಆರಿಸಿಕೊಂಡು ಸಿದ್ಧವಾಗಿತ್ತು. ಜ್ವರದ ತಬಲ ಶುರುವಾಯಿತು. ಯಜಮಾನರು ಆರಿಸಲು ಎದ್ದರೆ ಆಯಿ ಕೈ ಅಡ್ಡ ಮಾಡಿದರು, "ಇರ್ಲಿ ತಮ್ಮಾ, ಮುಟ್ಟಬ್ಯಾಡ. ಕರೆಂಟ್ ಬಂದಾಗ ನೋಡಬೇಕು."

ನಾನು ಇದ್ದ ಬದ್ದ ಜೇನೆಲ್ಲ ನಾಲಿಗೆಗೆ ತಂದು, "ನಾ ಎಲ್ಲಿ ಕಡಕ್ರಿ? ನಮ್ಮ ಮನ್ಯಾಗ ಯಾರು ಯಾವಾಗ ಬೇಕಾದ್ರೂ ಏಳಬಹುದು" ಎಂದೆ. ಆಯಿ ಸ್ವಲ್ಪ ಸರಿದು ಕುಳಿತರು. ಟಿವಿ 'ಹೋ' ಎಂದು ಊಳಿಟ್ಟಿತು. ಯಜಮಾನರು ಗಾಬರಿಯಾಗಿ ನನ್ನ ಸಹಾಯಕ್ಕೆ ಬಂದರು, "ಖರೆ ಹೇಳಬೇಕಂದ್ರ ಮನ್ಯಾಗ ನಾ ಹೇಳಿದ್ದೇ ನಡೀತದ್ರಿ." ಆಯಿ ಕಾಲು ಬದಲಿಸಿದರು. ಊಳು ಇನ್ನೂ ಜೋರಾಯಿತು. ಶಿವಶರಣಪ್ಪ ಟಿವಿಯನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದರು. ತಡೆಯಲಾರದೆ ಗುರು ಹೇಳಿಬಿಟ್ಟ, "ಇಲ್ರಿ ಮಾಮಾ, ಅವ್ವ ಕಡಕ್ಕೇ ಇದ್ದಾಳ. ಆದರ ಜಡ್ಡು ಬಂದ್ರ ರಾತ್ರೆಲ್ಲಾ ಬಗಲಾಗ ಕುಂದ್ರತಾಳ." ಆಯಿ ಕೆಮ್ಮಿದರು. ಚಪ್ಪಾಳೆ, ಸೀಟಿ.

"ಏನಿದು, ಖರೆ-ಸುಳ್ಳು ಹೇಳೋ ಯಂತ್ರ ಏನು?" ಎಂದರು ಶಿವಶರಣಪ್ಪ. ಆಯಿ ಅಷ್ಟರಲ್ಲಿ ಗುಟ್ಟು ಹಿಡಿದಿದ್ದರು. ಎಡ ತೊಡೆ ಎತ್ತಿ ಬಿಟ್ಟರು, ಊಳು. ಬಲ ತೊಡೆ ಎತ್ತಿ ಬಿಟ್ಟರು, ಊಳು. ಮೂರನೆಯ ಸಲ ಎರಡನ್ನೂ ಎತ್ತಲು ಹೊರಟಾಗ ನನ್ನೊಳಗಿನ ವಾರ್ಡ್ ಸಿಸ್ಟರ್ ಹಗ್ಗ ಹರಿದುಕೊಂಡು ಹೊರಗೆ ಬಂದಳು. "ಹಂಗಲ್ಲ ಆಯಿ! ಬಾಣ ಗೆರಿಗೆ ಬರೋತನಕ ತಡೀರಿ. ಏಳ್ರಿ ಮ್ಯಾಲ. ಬೆನ್ನು ನೆಟ್ಟಗ. ಎಡಗಾಲು ಮುಂದ." ಯಜಮಾನರು ಕಣ್ಣು ಮುಚ್ಚಿದರು. ಕುಂತ ಹಿರಿಯರನ್ನು ಎಬ್ಬಿಸಿದ್ದೆ, ಅದೂ ಹುಕುಂ ಮಾಡಿ.

ಚಂದಮ್ಮ ಆಯಿ ನಿಧಾನವಾಗಿ ಎದ್ದು ನಿಂತರು. "ನೀ ಮೊದಲ ಮಾಡಿ ತೋರಸು" ಎಂದರು. ಇನ್ನು ಕಳೆದುಕೊಳ್ಳುವುದೇನು ಉಳಿದಿದೆ ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಇಳಕಲ್ ಸೀರೆಯಲ್ಲಿ, ಬೀಗರ ಎದುರು, ಎಡಕ್ಕೆರಡು ಬಲಕ್ಕೆರಡು. ಟಿವಿ ಸೀಟಿಯ ಮೇಲೆ ಸೀಟಿ ಹೊಡೆಯಿತು. ಆಯಿ ನನ್ನ ಕೈ ಹಿಡಿದುಕೊಂಡು ಚಾಪೆಯ ಅರ್ಧ ಕಸಿದುಕೊಂಡರು. ಎಡಗಡೆಯ ಬಾಣ ಅವರದು, ಬಲಗಡೆಯದು ನನ್ನದು. ಅವರ ಕಾಲುಂಗುರ, ನನ್ನ ಬಳೆ, ಚೀನಾದ ತಬಲ. ತಪ್ಪಿದಾಗಲೆಲ್ಲ ಊಳು ಬಿದ್ದರೆ ಆಯಿ ಟಿವಿಗೆ, "ಬಾಯಿ ಮುಚ್ಚಾ, ನಿಮ್ಮವ್ವನ ವಯಸ್ಸಾಗ್ಯಾದ ನನಗ" ಎಂದು ತಿರುಗಿ ಬೈಯುತ್ತಿದ್ದರು. ಹಾಡು ಮುಗಿದಾಗ ಇಬ್ಬರೂ ಸೋಫಾದ ಬಾವಿಗೇ ಬಿದ್ದೆವು. ಏದುಸಿರು ಬಿಡುತ್ತ ಆಯಿ ಊಳಿಡುವ ಟಿವಿಯ ಕಡೆ ಬೆರಳು ಮಾಡಿ ಮಗನಿಗೆ ಹೇಳಿದರು, "ಪೋರಿಗೆ ಹೇಳು. ಅತ್ತಿ ಕಡಕ್ ಇದ್ದಾಳ, ಮಂದಿ ಹೇಳಿದ್ದು ಖರೆ. ಆದರ ಈ ಮನ್ಯಾಗ ಅತ್ತಿಗೂ ಒಬ್ಬಾಕಿ ಅತ್ತಿ ಅದಾಳ. ಅಂಜೋದು ಬ್ಯಾಡ." ಶಿವಶರಣಪ್ಪ ನಗುತ್ತ ಸಂಬಂಧಕ್ಕೆ ಒಪ್ಪಿ, "ಅಕ್ಕಾರ, ಬಾಯಾಗ ಸಕ್ರಿ ಹಾಕ್ರಿ ಮತ್ತ" ಎಂದರು. ಗುರು ಸಕ್ಕರೆ ಡಬ್ಬಿ ತರಲು ಓಡಿದ ವೇಗ ನೋಡಿ, ಹುಡುಗಿ ಅವನಿಗೆ ಎಷ್ಟು ಒಪ್ಪಿಗೆಯಾಗಿದ್ದಳೆಂದು ನನಗೆ ಅಂದೇ ತಿಳಿಯಿತು.

ಊಟವಾದ ಮೇಲೆ ಹೊರಡುವಾಗ ಆಯಿ ಚಾಪೆಯನ್ನು ಅಂಗೈಯಿಂದ ಸವರಿ, "ಇದರ ಮ್ಯಾಲ ನಿಂತಿದ್ದು ಭಾಳ ಛಲೋ ಆತು ನೋಡವ್ವ" ಎಂದರು. ಬೀಗತಿ ಮೆಚ್ಚಿದ ವಸ್ತು ಮನೆಯಲ್ಲಿ ಉಳಿಸಿಕೊಳ್ಳಬಾರದೆಂದು ನಮ್ಮ ಅತ್ತೆ ಹೇಳುತ್ತಿದ್ದರು. ನಾನು ಕೇಳಿಸದವಳಂತೆ ಎಲೆ-ಅಡಿಕೆಯ ತಟ್ಟೆ ಸರಿಸಿದೆ. ಆಯಿ ಮತ್ತೊಮ್ಮೆ ಸವರಿದರು. ಯಜಮಾನರು ಕೆಮ್ಮಿದರು. ಗುರು ನನ್ನನ್ನು ನೋಡಿದ ನೋಟದಲ್ಲಿ ಶಹಾಬಾದ, ಕಾಳಗಿ, ಚಿತ್ತಾಪುರ ಮೂರೂ ಇದ್ದವು. ಮಡಿಕೆಗೆ ಮಡಿಕೆ ಕೂಡಿಸಿ ಸುತ್ತಿ, ವೈರು ಕಟ್ಟಿ, ಚೀಲಕ್ಕೆ ಹಾಕಿ ಕೊಟ್ಟೆ. "ಊಟ ಆದಕೂಡಲೆ ಮಾಡಬ್ಯಾಡ್ರಿ ಆಯಿ. ಬರಿಗಾಲಲೇ ಮಾಡ್ರಿ. ತಲಿ ತಿರುಗಿದ್ರ ನಿಂದ್ರಸ್ರಿ" ಎಂದು ಜೀಪಿನ ಕಿಟಕಿಯ ಬಳಿ ನಿಂತು ಔಷಧಿಯಂತೆ ಹೇಳಿದೆ. ಕಣ್ಣು ಒದ್ದೆಯಾದದ್ದು ಸಂಬಂಧ ಕೂಡಿದ ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು.

ಸಂಜೆ ಮನೆ ಬಿಕೋ ಎಂದಿತು. ಬೆಳಗಿನ ಹಾಡು ಅರ್ಧಕ್ಕೇ ನಿಂತಿತ್ತಲ್ಲ, ಕೆಲಸ ಬಾಕಿ ಇಟ್ಟು ಮಲಗುವವಳಲ್ಲ ನಾನು. ಶಹಾಬಾದದ ಕಲ್ಲಿನ ನೆಲ, ದೇವರು ಕೊಟ್ಟಂತೆ ಚೌಕಗಳು ಇದ್ದೇ ಇವೆ. ಸುಣ್ಣದ ಕಡ್ಡಿಯಿಂದ ಬಾಣ ಬರೆದು, ಯಜಮಾನರನ್ನು ಟಿವಿಯ ಜಾಗದಲ್ಲಿ ಕುರ್ಚಿ ಹಾಕಿ ಕೂಡಿಸಿದೆ. ಕೈಯಿಂದ ದಿಕ್ಕು ತೋರಿಸುವುದು, ಸರಿಯಾದರೆ ಸೀಟಿ, ತಪ್ಪಿದರೆ ಊಳು, ಇಷ್ಟೇ ಅವರ ಡ್ಯೂಟಿ. ಅವರಿಗೆ ಸೀಟಿ ಬರುವುದಿಲ್ಲ. ಊಳನ್ನು ಮಾತ್ರ ಯಾರೂ ಕಲಿಸಬೇಕಾಗಲಿಲ್ಲ, ಮದುವೆಯಾದಂದಿನಿಂದ ಗಂಟಲಲ್ಲಿ ತಡೆದು ಇಟ್ಟಿದ್ದವರಂತೆ ಊಳಿಟ್ಟರು. ಸರಿಯಾಗಿ ಇಟ್ಟ ಹೆಜ್ಜೆಗೂ ಊಳಿಟ್ಟರು. "ಇದಕ್ಕ ಯಾಕ್ರಿ?" ಎಂದರೆ, "ಸೆಲ್ಲು ಹೊಸಾವು, ನಿಂದ್ರಲಿಕ್ಕೆ ಆಗವಲ್ದು" ಎಂದರು.

ಆಟ ಮುಗಿಸಿ ಒದ್ದೆ ಬಟ್ಟೆ ತಂದು ಬಾಣಗಳನ್ನೆಲ್ಲ ಒರೆಸಿದೆ. ಎದ್ದು ಹೊರಟೆ. ಹಿಂದಿನಿಂದ ಇನ್ನೊಂದು ಊಳು ಬಂತು. ತಿರುಗಿ ನೋಡಿದರೆ ಯಜಮಾನರು ಬೆರಳು ಮಾಡಿದ ಕಡೆ ಒಂದು ಬಾಣದ ಬಾಲ ಉಳಿದಿತ್ತು. ಬಗ್ಗಿ ಅದನ್ನೂ ಒರೆಸಿದೆ.