ಎಂಜಿನ್ ದೀಪ ಹೇಳಿದ ಚಾಡಿ

ನನ್ನ ಬಗ್ಗೆ ಯಾರಾದರೂ ಕೇಳಿದರೆ ನಾನು ಹವಾಮಾನದ ವಿಷಯ ತೆಗೆಯುತ್ತೇನೆ. ಬಿಂಕವಲ್ಲ, ಸ್ವಭಾವ. ಆದರೆ ಪುಣೆಯ ಖರಾಡಿಗೆ ಹೋಗುವ ನಮ್ಮ ಆಫೀಸ್ ಬಸ್ಸಿನಲ್ಲಿ ಪಕ್ಕ ಕೂರುತ್ತಿದ್ದ ಹಿರಿಯ ಸಹೋದ್ಯೋಗಿ ಸುಧಾ ಮಾವುಶಿಗೆ, ಅಂದರೆ ನಮ್ಮೆಲ್ಲರ ಮರಾಠಿ ಚಿಕ್ಕಮ್ಮನಿಗೆ, ಹವಾಮಾನ ಸಾಲುತ್ತಿರಲಿಲ್ಲ. ಮದುವೆ ಯಾವಾಗ, ಯಾಕಿಲ್ಲ, ಜಾತಕ ಎಲ್ಲಿದೆ. ಮೂರು ತಿಂಗಳಲ್ಲಿ ಅವರ ಮೂವರು ಸೋದರಳಿಯಂದಿರ ರಾಶಿ ನಕ್ಷತ್ರ ನನಗೆ ಬಾಯಿಪಾಠವಾದವು. ನಾನು ಹಳೆಯ ಕಾರೊಂದನ್ನು ಕೊಂಡದ್ದು ಈ ಕಾರಣಕ್ಕೆ. ವಿಜಯಪುರದಿಂದ ಪುಣೆಗೆ ಬಂದು ಕಾರಕೂನಿಕೆಯಲ್ಲೇ ನಿವೃತ್ತರಾದ ಅಪ್ಪ ಒಪ್ಪಿದ್ದು ಒಂದು ಷರತ್ತಿನ ಮೇಲೆ: "ದಾರ್ಯಾಗ ಒಮ್ಮೆ ಕೈ ಕೊಟ್ರೂ ಮಾರಿಬಿಡೋದು. ಮತ್ತ ಬಸ್ಸಿಗೇ ಹೋಗಬೇಕು."

ಕಾರು ಕೊಂಡ ಎಂಟನೆಯ ತಿಂಗಳು ಸ್ಟೇರಿಂಗಿನ ಹಿಂದೆ ಎಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡಿತು. ಓದಿದವರು ಮಾಡುವುದನ್ನೇ ನಾನೂ ಮಾಡಿದೆ. ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ದಿನಾಂಕ, ಬಿಸಿಲು, ಪೆಟ್ರೋಲು, ಕಿಲೋಮೀಟರು ಬರೆದೆ. ಹನ್ನೊಂದು ದಿನಗಳ ಅಧ್ಯಯನದಿಂದ ತಿಳಿದದ್ದು, ದೀಪ ಹನ್ನೊಂದೂ ದಿನ ಹತ್ತಿತ್ತು ಎಂಬುದು. ಬ್ಯಾಟರಿಯ ತಂತಿ ತೆಗೆದಿಟ್ಟರೆ ಕಾರು ತನ್ನ ದೂರನ್ನು ಮರೆಯುತ್ತದೆಂದು ಇಂಟರ್ನೆಟ್ಟಿನಲ್ಲಿ ಓದಿ, ಅದನ್ನೂ ಮಾಡಿದೆ. ಮರೆಯಿತು. ಗಡಿಯಾರದ ಸಮಯವನ್ನೂ ಮರೆಯಿತು. ಮೂರನೆಯ ದಿನ, ಅಪ್ಪ ಪಕ್ಕದಲ್ಲಿದ್ದಾಗಲೇ, ದೂರು ಮಾತ್ರ ನೆನಪಾಯಿತು. ಎಂಜಿನ್ ಜರ್ಕು ಹೊಡೆಯತೊಡಗಿತು.

"ಇದೇನವಾ, ಬಿಕ್ಕಳಸ್ಲಿಕ್ಕತ್ತದ?"

ಮೋಸ ಹೋದೀಯ ಎಂದು ಗ್ಯಾರೇಜಿಗೆ ಅಪ್ಪನೂ ಬಂದರು. ಶಿವಾಜಿನಗರದ ಗಲ್ಲಿಯೊಂದರಲ್ಲಿ ಸೊಲ್ಲಾಪುರದ ಕಡೆಯ ಸಿದ್ದಣ್ಣ ಕಾರಿಗೆ ತನ್ನ ಸ್ಕ್ಯಾನರ್ ಜೋಡಿಸಿ, ಜ್ವರ ನೋಡುವ ಡಾಕ್ಟರರಂತೆ ಕಾದ. ಒಂದು ಅಕ್ಷರ, ನಾಲ್ಕು ಅಂಕಿ ಬಂದವು.

"ಪೆಟ್ರೋಲ್ ಸರಿಯಾಗಿ ಉರೀವಲ್ದು ಅಂತದ್ರಿ. ಯಾಕ ಅಂತ ಇದು ಹೇಳಂಗಿಲ್ಲ. ಅದನ್ನ ನಾವು ಕೇಳಬೇಕು." ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ತೋರಿಸಿದ. ಸೌದೆ ಒಲೆಯ ಮೇಲಿನ ಪಾತ್ರೆಯ ತಳದಂತೆ ಮಸಿ. "ಅಕ್ಕಾರ, ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಕೊಂಡು ಕೂಡ್ತೀರೇನ್ರಿ?"

"ಸಿಗ್ನಲ್‌ನಾಗ."

"ಸಿಗ್ನಲ್‌ನಾಗ ಇಷ್ಟು ಮಸಿ ಆಗಂಗಿಲ್ರಿ. ಇದು ದಿನಾ ಅರ್ಧಾ ತಾಸಿನ ಮಸಿ. ಯಾರ ಜೋಡಿಯರ ಮಾತಾಡ್ಕೋತ ಕೂಡ್ತೀರೇನು?"

ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು. ದಿನವೂ ನಾನು ತಡವಾಗಿ ಬಂದು ಟ್ರಾಫಿಕ್ ಎನ್ನುತ್ತಿದ್ದದ್ದು ಅವರಿಗೆ ನೆನಪಾಗಿರಬೇಕು. ಕಾರಿನಲ್ಲಿ ಹುಡುಗನೊಬ್ಬ ಇದ್ದಿದ್ದರೆ ಒಪ್ಪಿಕೊಳ್ಳುವುದು ಇದಕ್ಕಿಂತ ಸುಲಭವಿತ್ತು.

"ಯಾರೂ ಇರಂಗಿಲ್ಲ. ನಮ್ಮ ಕಟ್ಟಡದ ಪಾರ್ಕಿಂಗ್‌ನಾಗ ಏಸಿ ಹಚ್ಕೊಂಡು ಒಬ್ಬಾಕೀನೇ ಕೂತಿರ್ತೀನಿ."

"ಏನ್ ಮಾಡ್ಕೋತವಾ?" ಅಪ್ಪ ಕೇಳಿದರು.

"ಏನಿಲ್ಲ. ಸುಮ್ನ."

ಸಿದ್ದಣ್ಣ ನನ್ನನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದ. "ಕೂಡ್ರಿ ಅಕ್ಕಾರ, ಯಾರು ಬ್ಯಾಡಂತಾರ. ಎಂಜಿನ್ ಬಂದ್ ಮಾಡಿ ಕೂಡ್ರಿ."

ಹೊಸ ಪ್ಲಗ್ಗು ಹಾಕಿದ, ದೀಪ ಆರಿತು. ಮನೆ ಮುಟ್ಟುವವರೆಗೂ ಅಪ್ಪ ಆರಿದ ದೀಪದ ಜಾಗವನ್ನೇ ನೋಡುತ್ತ ಕೂತಿದ್ದರು. ಮಾರುವ ದಿನವನ್ನು ಲೆಕ್ಕ ಹಾಕುತ್ತಿದ್ದಾರೆಂದೇ ತಿಳಿದೆ. ಬಾಗಿಲು ತೆಗೆದ ಅವ್ವ, "ಇಷ್ಟೊತ್ತು ಯಾಕಾತು?" ಎಂದಳು. ಚಪ್ಪಲಿ ಬಿಡುತ್ತಾ ಅಪ್ಪ ಹೇಳಿದರು, "ಟ್ರಾಫಿಕ್ ಭಾಳ ಅದ."

ಮರುದಿನ ಸಂಜೆ ನಾನು ಕಾರು ನಿಲ್ಲಿಸುವಾಗ ಅವರು ಪೇಪರ್ ಮಡಚಿಕೊಂಡು ಪಾರ್ಕಿಂಗಿನಲ್ಲೇ ನಿಂತಿದ್ದರು. ಒಳಗೆ ಬಂದು ಕೂತರು. ಕಿಟಕಿ ತೆರೆದೆವು, ಅರ್ಧ ತಾಸು ಇಬ್ಬರೂ ಸುಮ್ಮನಿದ್ದೆವು. ಹೀಗೆ ಒಂದು ವಾರ ನಡೆಯಿತು. ಆಮೇಲೆ ಅವ್ವ, "ಪೇಪರ್ ತರ್ಲಿಕ್ಕೆ ಕೆಳಗಿಳಿದವರಿಗೂ ಟ್ರಾಫಿಕ್ಕೇನು? ಇಷ್ಟು ತಡ ಆಗೋದಾದ್ರ ಆ ಕಾರು ಮಾರ್ರಿ, ಆಕಿ ಬಸ್ಸಿಗೆ ಹೋಗ್ಲಿ" ಎಂದಳು. ಕಾರು ಉಳಿಸಿಕೊಳ್ಳಲು ನಾವಿಬ್ಬರೂ ಸೇರಿ ಪುಣೆಯ ಟ್ರಾಫಿಕ್ಕನ್ನು ಹತ್ತು ನಿಮಿಷಕ್ಕೆ ಇಳಿಸಿದ್ದೇವೆ. ಆ ಹತ್ತು ನಿಮಿಷ ಅಪ್ಪ ನನ್ನನ್ನು ಏನೂ ಕೇಳುವುದಿಲ್ಲ. ಯಾಕೆ ಕೇಳುವುದಿಲ್ಲ ಎಂದು ಕೇಳಬೇಕೆಂದು ನಾಲಿಗೆ ತುರಿಸುತ್ತದೆ.