ನಾಲ್ಕನೆಯ ಹೈಪರ್‌ವೈಸರ್ ಮತ್ತು ಮಾವನ ಒಬ್ಬಟ್ಟು

ಮದುವೆ ಊಟಕ್ಕೆ ಕೂತಾಗ ಪಕ್ಕದವರು ಏನು ಕೆಲಸ ಮಾಡ್ತೀರಿ ಎಂದು ಕೇಳಿದರೆ, ಸಾರು ಬರುವಷ್ಟರಲ್ಲಿ ಹೇಳಿ ಮುಗಿಸುವಂಥ ಉದ್ಯೋಗ ಇರಬೇಕು. ಡಾಕ್ಟರು, ಮೇಷ್ಟ್ರು, ಬಸ್ ಕಂಡಕ್ಟರು ಇವರೆಲ್ಲ ಪುಣ್ಯವಂತರು. ನನ್ನದನ್ನು ವಿವರಿಸುವಷ್ಟರಲ್ಲಿ ಮಜ್ಜಿಗೆಯೂ ಮುಗಿದು, ಪಕ್ಕದವರು ಎಲೆ ಮಡಚಿ ಎದ್ದಿರುತ್ತಾರೆ. ಅದೂ ಹೋಗಲಿ, ಇತ್ತೀಚೆಗೆ ಒಂದಿಡೀ ತಿಂಗಳು ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡದಲ್ಲಿ ಕೂತು ನಾನು ಸಂಬಳಕ್ಕೆ ಮಾಡಿದ ಕೆಲಸವೆಂದರೆ, ನಮ್ಮ ಮಾವನವರ ಬಾಯಿಗೆ ಒಂದು ಒಬ್ಬಟ್ಟು ಹೋಗುವಂತೆ ಮಾಡಲು ಹೆಣಗಿದ್ದು. ಇದನ್ನು ಯಾರಿಗೆ ಹೇಳಲಿ?

ಪರದೆಯ ಮೇಲೆ ಚಿತ್ರ ಚೆನ್ನಾಗಿ ಮೂಡಲು ಗ್ರಾಫಿಕ್ಸ್ ಕಾರ್ಡ್ ಬೇಕು. ಅದು ವಿಪರೀತ ದುಬಾರಿ. ಆದ್ದರಿಂದ ಎಲ್ಲೋ ದೂರದಲ್ಲಿರುವ ಒಂದೇ ಕಾರ್ಡನ್ನು ಎಂಟು ಹತ್ತು ಕಂಪ್ಯೂಟರುಗಳಿಗೆ ಹಂಚಿ, ಪ್ರತಿಯೊಂದಕ್ಕೂ ಕಾರ್ಡು ನಿನ್ನೊಬ್ಬನದೇ ಎಂದು ನಂಬಿಸುತ್ತೇವೆ. ಆ ಕಂಪ್ಯೂಟರುಗಳೂ ನಿಜವಾದವಲ್ಲ, ಒಂದು ದೊಡ್ಡ ಯಂತ್ರದೊಳಗೆ ಹುಟ್ಟಿಸಿದ ಮಾಯೆ. ಈ ಮಾಯೆಯನ್ನೆಲ್ಲ ನಡೆಸುವ ಯಜಮಾನ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಇಂಥ ಯಜಮಾನರು ಮಾರುಕಟ್ಟೆಯಲ್ಲಿ ಹಲವರಿದ್ದಾರೆ, ಒಬ್ಬನ ರೀತಿ ಇನ್ನೊಬ್ಬನಿಗಾಗದು. ಅವರಲ್ಲಿ ನಾಲ್ವರ ಕೈಕೆಳಗೂ ನಮ್ಮ ಕಾರ್ಡು ತಕರಾರಿಲ್ಲದೆ ದುಡಿಯುವಂತೆ ಮಾಡುವುದು ನನ್ನ ಕರ್ಮ.

ಪರೀಕ್ಷೆಗೆ ಒಂದು ವಿಡಿಯೊ ಬೇಕಿತ್ತು. ಸಿನಿಮಾ ತುಣುಕು ಬಳಸಿದರೆ ಹಕ್ಕುಸ್ವಾಮ್ಯದ ತಂಟೆ. ಫೋನಿನಲ್ಲಿ, ಭಾಮೈದನ ನಿಶ್ಚಿತಾರ್ಥದ ದಿನ ನನ್ನ ಹೆಂಡತಿ ರೇಖಾ ಹಿಡಿದಿದ್ದ ಊಟದ ದೃಶ್ಯ ಸಿಕ್ಕಿತು. ಮಾವನವರು ಒಬ್ಬಟ್ಟನ್ನು ತುಪ್ಪದಲ್ಲಿ ಅದ್ದಿ, ಕಣ್ಣು ಮುಚ್ಚಿ, ಬಾಯಿಯನ್ನು ಹೆಬ್ಬಾಗಿಲಿನಂತೆ ತೆರೆಯುತ್ತಾರೆ. ತುಪ್ಪದ ಹೊಳಪು, ಹಿಂದೆ ಓಡಾಡುವವರ ಸೀರೆಯ ಜರಿ ಸರಿಯಾಗಿ ಕಂಡರೆ ಕಾರ್ಡು ಸರಿಯಿದೆ ಎಂದರ್ಥ. ಮೂರು ಹೈಪರ್‌ವೈಸರ್‌ಗಳಲ್ಲಿ ಮಾವ ಸಲೀಸಾಗಿ ನುಂಗಿದರು. ನಾಲ್ಕನೆಯದರಲ್ಲಿ ಒಬ್ಬಟ್ಟು ತುಟಿಯ ಹತ್ತಿರ ಬಂದು ನಿಂತೇಬಿಟ್ಟಿತು. ಏನು ಮಾಡಿದರೂ ಒಳಗೆ ಹೋಗದು. ಒಂದು ದಿನ ತುಪ್ಪ ಹಸಿರಾಯಿತು. ಮೀಟಿಂಗುಗಳಲ್ಲಿ ನಮ್ಮ ಮ್ಯಾನೇಜರ್ ಬಲು ಗಂಭೀರವಾಗಿ, ಒಬ್ಬಟ್ಟು ಎಲ್ಲಿಯವರೆಗೆ ಬಂತು ಎಂದು ವಿಚಾರಿಸತೊಡಗಿದರು. ಕನ್ನಡ ಬಾರದವರೂ ಆ ಪದ ಕಲಿತರು.

ನಮ್ಮ ಮಾವ ಚಿಕ್ಕಬಾಣಾವರದಲ್ಲಿ ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಎಬ್ಬಿಸಿರುವವರು. ಶಲ್ಯ ಹೊದೆಯದೆ ಆಧಾರ್ ಫೋಟೊಗೂ ಒಪ್ಪದ ಮನುಷ್ಯ. ತಮ್ಮ ತೆರೆದ ಬಾಯಿಯನ್ನು ಒಂದಿಡೀ ಮಹಡಿ ದಿನವೂ ನೋಡುತ್ತಿದೆ ಎಂದು ಗೊತ್ತಾದರೆ ನನಗೆ ಆ ಮನೆಯ ಬಾಗಿಲು ಮುಚ್ಚಿದಂತೆಯೇ. ಹೀಗಿರುವಾಗ ಆಫೀಸಿಗೆ ಕುಟುಂಬದವರನ್ನು ಕರೆತರುವ ದಿನ ಬಂತು. ಅಪ್ಪನೂ ಬರುತ್ತಾರೆ ಎಂದು ರೇಖಾ ತಣ್ಣಗೆ ತಿಳಿಸಿದಳು. ನಾನು ಸಹೋದ್ಯೋಗಿ ಇಮ್ರಾನನಿಗೆ ದುಂಬಾಲು ಬಿದ್ದು, ವಿಡಿಯೊ ಬದಲಿಸು ಎಂದು ಬೇಡಿಕೊಂಡೆ.

"ಗುರು, ಈಗ ಚೇಂಜ್ ಮಾಡಿದ್ರೆ ಹಳೇ ಟೆಸ್ಟ್ ಎಲ್ಲಾ ಮತ್ತೆ ಮಾಡ್ಬೇಕು. ನಿಮ್ಮಾವ ಹಂಗೇ ಇರ್ಲಿ ಬಿಡು," ಅಂದ.

ಮಾವ ಲಿಫ್ಟಿನಿಂದ ಇಳಿದದ್ದೇ ತಡ, ಗುರುತಿಲ್ಲದವರೆಲ್ಲ ನಗುತ್ತಾ ಬಂದು ಕೈಮುಗಿದರು. ಅಳಿಯ ಎಲ್ಲರ ಹತ್ತಿರವೂ ತಮ್ಮ ಗುಣಗಾನ ಮಾಡಿದ್ದಾನೆಂದು ಭಾವಿಸಿ ಅವರ ಮುಖ ಅರಳಿತು. ಆ ಬೆಳಿಗ್ಗೆಯಷ್ಟೇ ನಾಲ್ಕನೆಯ ಹೈಪರ್‌ವೈಸರ್ ಸರಿಹೋಗಿತ್ತು. ಅದನ್ನು ಎಲ್ಲರಿಗೂ ತೋರಿಸುವ ಉಮೇದಿನಲ್ಲಿ ಮ್ಯಾನೇಜರ್ ಗೋಡೆಯಷ್ಟಗಲದ ಪರದೆಯ ಮೇಲೆ ವಿಡಿಯೊ ಹಾಕಿಬಿಟ್ಟರು. ಒಬ್ಬಟ್ಟು ಮೇಲೆದ್ದಿತು, ತುಟಿ ಮುಟ್ಟಿತು, ಒಳಗೆ ಹೋಯಿತು. ಇಡೀ ಮಹಡಿ ಚಪ್ಪಾಳೆ ತಟ್ಟಿತು. ನಾನು ನೆಲ ನೋಡುತ್ತಾ ನಿಂತೆ.

ಮಾವ ರೇಗಲಿಲ್ಲ. ಶಲ್ಯ ಸರಿಮಾಡಿಕೊಂಡು, ಇನ್ನೊಂದು ಸಲ ಹಾಕಿ ಎಂದರು. ಇಷ್ಟು ದಿನ ನಾನೂ ಸೇರಿದಂತೆ ನಾವೆಲ್ಲ ನೋಡಿದ್ದು ಬಾಯಿಯನ್ನು ಮಾತ್ರ. ಅವರು ಪರದೆಯ ಹತ್ತಿರ ಹೋಗಿ ತಮ್ಮ ಎಲೆಯ ಮೇಲೆ ಬೆರಳಿಟ್ಟರು. ಅಲ್ಲಿ, ಅವರು ಕಣ್ಣು ಮುಚ್ಚಿ ಅಗಿಯುತ್ತಿರುವಾಗ ಪಕ್ಕದಿಂದ ಒಂದು ಕೈ ಬಂದು, ಅವರ ಎರಡನೆಯ ಒಬ್ಬಟ್ಟನ್ನು ಎತ್ತಿಕೊಂಡು ಹೋಯಿತು. ಮಣಿಕಟ್ಟಿನಲ್ಲಿ ನನ್ನ ಮದುವೆಗೆ ಅವರೇ ಕೊಟ್ಟ ವಾಚು ಫಳಫಳ ಹೊಳೆಯುತ್ತಿತ್ತು.

"ಅಂಗಾದ್ರೆ ಅವತ್ತು ಒಂದೇ ಹಾಕ್ದೆ ಅಂತ ಬಡಿಸೋನ್ಗೆ ಸುಮ್ಕೆ ಬಯ್ದ್ಬುಟ್ನಲ್ಲ, ಅಳಿಯಂದ್ರೆ," ಎಂದರು ಮಾವ.

ಮ್ಯಾನೇಜರಿಗಂತೂ ಬಹಳ ಸಂತೋಷವಾಯಿತು, ವಾಚಿನ ಮುಳ್ಳು ಕೂಡ ಕಾಣುವಷ್ಟು ಚಿತ್ರ ಚೊಕ್ಕವಾಗಿದೆಯಲ್ಲ ಎಂದು. ಅಂದಿನಿಂದ ಬಾಯಿಯ ಜೊತೆಗೆ ಕೈಯನ್ನೂ ಪರೀಕ್ಷಿಸಬೇಕೆಂದು ನಿಯಮವಾಗಿದೆ. ಹೊಣೆ ನನ್ನದೇ. ಹಾಗಾಗಿ ದಿನವೂ ಸಿಂಗಸಂದ್ರದಿಂದ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಹೋಗಿ, ನನ್ನ ಕಳ್ಳತನ ನಾಲ್ಕೂ ಹೈಪರ್‌ವೈಸರ್‌ಗಳಲ್ಲಿ ಎಲ್ಲೂ ತಡವರಿಸದೆ ನಿಚ್ಚಳವಾಗಿ ಕಾಣುತ್ತಿದೆ ಎಂದು ನಾನೇ ಖಾತರಿ ಕೊಟ್ಟು ಮನೆಗೆ ಬರುತ್ತೇನೆ.