ಮೂರು ಪ್ಯಾಂಟು, ಒಂದು ಒಪ್ಪಿಗೆ

ಓದದೇ ರುಜು ಹಾಕುವವರನ್ನು ಕಂಡರೆ ನಮ್ಮ ಪತ್ರಬರಹಗಾರರಿಗೆ ಮೈಯೆಲ್ಲ ಉರಿಯುತ್ತದೆ. ಇಪ್ಪತ್ತೆರಡು ವರ್ಷ ಊರವರ ಮನೆಗಳ ಕ್ರಯಪತ್ರ ಬರೆದ ಕೈ ಅದು. ಔಷಧಿ ಅಂಗಡಿಯ ಚೀಟಿಯನ್ನೂ ಎರಡು ಸಲ ಓದಿಯೇ ಜೇಬಿಗಿಳಿಸುವುದು.

ಅಂಥವರ ಮೊಬೈಲಿಗೆ ಆ ಬೆಳಿಗ್ಗೆ, ಬಟ್ಟೆ ಒಗೆಯುವ ಯಂತ್ರ ಅರ್ಧಕ್ಕೇ ನಿಂತು, ಹೊಸ ನಿಬಂಧನೆಗಳನ್ನು ಕಳಿಸಿತು. ಒಟ್ಟು ಅರವತ್ತೊಂದು ಪುಟ. ಹನ್ನೊಂದಕ್ಕೆ ನೋಂದಣಿ ಕಚೇರಿಯಲ್ಲಿ ಕಕ್ಷಿದಾರರು ಕಾಯುತ್ತಿರುತ್ತಾರೆ. ತಡವಾದರೆ ಅವರು ಎದುರು ಮೇಜಿನವನ ಪಾಲು. ಆದರೂ ಇವರು ಟವೆಲು ಸುತ್ತಿಕೊಂಡು ಓದಲು ಕೂತರು.

"ಒಪ್ಪಿಗೆ ಅಂತ ಒತ್ತಿಬಿಡ್ರೀ. ಇರೋ ಮೂರು ಪ್ಯಾಂಟೂ ಒಳಗಿವೆ," ಎಂದಳು ಹೆಂಡತಿ.

"ಹದಿನೇಳನೇ ಪುಟ ಕೇಳು. ನಾವು ಯಾವಾಗ ಏನು ಒಗೀತೀವಿ ಅಂತ ಕಂಪನಿಯವರಿಗೆ ಗೊತ್ತಾಗ್ಬೇಕಂತೆ. ನನ್ನ ಯಂತ್ರ, ನನ್ನ ಕೊಳೆ. ಇವರದ್ದೇನು ನಡುವೆ?"

ಹೀಗೆಂದು ಘನಗಾಂಭೀರ್ಯದಿಂದ ‘ಒಪ್ಪುವುದಿಲ್ಲ’ ಒತ್ತಿದರು. ಯಂತ್ರ ಟಕ್ ಎಂದು ಬೀಗ ಹಾಕಿಕೊಂಡಿತು. (ಹಿಂದೆಯೇ ಕೇಳಿದ ಎರಡನೆಯ ಸದ್ದು ಹೆಂಡತಿ ಹಣೆ ಚಚ್ಚಿಕೊಂಡದ್ದು.)

ಕಂಪನಿಗೆ ಫೋನು ಮಾಡಿದರೆ ಹುಡುಗಿಯೊಬ್ಬಳು ಬಹಳ ವಿನಯದಿಂದ ಮಾತಾಡಿದಳು.

"ಯಂತ್ರ ನಿಮ್ಮದೇ ಸರ್. ಒಳಗಿನ ಸಾಫ್ಟ್‌ವೇರ್ ಮಾತ್ರ ನಮ್ಮದು."

"ಪ್ಯಾಂಟು ಯಾರದಮ್ಮ?"

"ಅದೂ ನಿಮ್ಮದೇ ಸರ್. ಬಾಗಿಲು ಸಾಫ್ಟ್‌ವೇರ್ ಕೈಲಿದೆ."

ಗಡಿಯಾರದಲ್ಲಿ ಹತ್ತಾಗಿತ್ತು. ಇಪ್ಪತ್ತೆರಡು ವರ್ಷದ ವ್ರತವನ್ನು ಪಕ್ಕಕ್ಕಿಟ್ಟು, "ಆಯ್ತು, ಒಪ್ಪಿದೆ," ಎಂದರು.

"ನೀವು ಒಪ್ಪೋ ಹಾಗಿಲ್ಲ ಸರ್. ಬೇಡ ಅನ್ನೋಕೆ ಮನೇಲಿ ಯಾರಾದ್ರೂ ಆಗುತ್ತೆ, ಒಪ್ಪೋಕೆ ಯಜಮಾನರೇ ಬೇಕು. ನಮ್ಮ ದಾಖಲೇಲಿ ನೀವು ಅತಿಥಿ ಅಂತಿದೀರಿ."

ಆಗ ನೆನಪಾಯಿತು. ಕೊಂಡ ದಿನ ಇವರು ಅಂಗಡಿಯಲ್ಲಿ ಗ್ಯಾರಂಟಿ ಪತ್ರ ಓದುತ್ತಾ ನಿಂತುಬಿಟ್ಟಿದ್ದರು. ಕಾಲುನೋವು ತಾಳಲಾರದೆ, ಜೊತೆಗೆ ಬಂದಿದ್ದ ಅತ್ತೆಯೇ ತಮ್ಮ ಹೆಸರು, ನಂಬರು ಕೊಟ್ಟು ರುಜು ಹಾಕಿ ಮುಗಿಸಿದ್ದರು.

ಟವೆಲು ಬಿಗಿಹಿಡಿದು ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತರು. ನಾಚಿಕೆಯಿಂದ ಸಾಯುವಂತಾಗಿತ್ತು.

"ಅತ್ತೆ, ನಿಮ್ಮ ಫೋನಲ್ಲಿ ಒಂದು ಒಪ್ಪಿಗೆ ಒತ್ಬೇಕಿತ್ತು."

"ಅದಕ್ಕೇನಂತೆ, ಒತ್ತೋಣ ಅಳಿಯಂದಿರೇ. ಆದ್ರೆ ಹೋದ ತಿಂಗಳು ಬ್ಯಾಂಕಿನ ಅರ್ಜಿಗೆ ಓದದೇ ರುಜು ಹಾಕ್ದೆ ಅಂತ ಎಷ್ಟು ಬೈದ್ರಿ ನೀವು. ಪಾಪ, ನನ್ನ ಒಳ್ಳೇದಕ್ಕೇ ಹೇಳಿದ್ರಿ."

ಅತ್ತೆ ಮಗಳಿಂದ ಕನ್ನಡಕ ತರಿಸಿಕೊಂಡರು. ಗಾಜು ಒರೆಸಿದರು. ಮೊದಲನೆಯ ಪುಟದ ಮೊದಲನೆಯ ಸಾಲಿನ ಕೆಳಗೆ ಬೆರಳಿಟ್ಟು, ತಲೆಯೆತ್ತಿ ಅಳಿಯನನ್ನು ನೋಡಿದರು.

"ಕೂತ್ಕೊಳ್ಳಿ. ಈ ‘ನಿಬಂಧನೆ’ ಅಂದ್ರೇನು, ಸ್ವಲ್ಪ ಬಿಡಿಸಿ ಹೇಳಿ."